ನಿಗದಿ 3,500 ಅಡಿ, ಹಾರಿದ್ದು 3,056: ಕಲಬುರಗಿಯ ಒಂದು ತರಬೇತಿ ಹಾರಾಟದ ಪ್ರಕರಣ ಅಧ್ಯಯನ

ಇದು ಪಾಠಕ್ಕೆಂದು ಕಟ್ಟಿದ ಪ್ರಕರಣ. ಊರು, ದಾರಿ, ಬೇಸಿಗೆಯ ಹವೆ, ಉಪಕರಣಗಳ ನಡತೆ, ನಿಯಮಗಳು ಇದ್ದದ್ದು ಇದ್ದಂತೆಯೇ ಇವೆ. ವಿಮಾನ, ವಿದ್ಯಾರ್ಥಿನಿ, ಆ ದಿನದ ಅಂಕಿಗಳು ಮಾತ್ರ ಕಲ್ಪಿತ. ಲೆಕ್ಕ ಸಲೀಸಾಗಲೆಂದು ಕಲಬುರಗಿ ವಿಮಾನ ನಿಲ್ದಾಣದ ನೆಲವನ್ನು ಸಮುದ್ರಮಟ್ಟದಿಂದ 1,500 ಅಡಿ ಎಂದೂ, ಟ್ರಾನ್ಸಿಷನ್ ಆಲ್ಟಿಟ್ಯೂಡನ್ನು, ಅಂದರೆ ಎತ್ತರದ ಉಪಕರಣದ ಒತ್ತಡದ ಸೆಟ್ಟಿಂಗ್ ಬದಲಿಸಬೇಕಾದ ಎತ್ತರವನ್ನು, 4,000 ಅಡಿ ಎಂದೂ ಹಿಡಿದಿದೆ. ಹಾರುವವರು ಈ ಎರಡನ್ನೂ ಏಐಪಿ ಎಂಬ ಅಧಿಕೃತ ವಾಯುಯಾನ ಮಾಹಿತಿ ಪುಸ್ತಕದ ಚಾಲ್ತಿ ಪುಟದಿಂದ ತೆಗೆಯಬೇಕೇ ಹೊರತು ಇಂಥ ಬರಹದಿಂದಲ್ಲ.

ಎತ್ತರ ತಪ್ಪಿದ ಸುದ್ದಿ ಬಂದಕೂಡಲೇ ತರಬೇತಿ ಶಾಲೆಗಳಲ್ಲಿ ಮೊದಲು ಬೀಳುವ ತೀರ್ಪು “ಕೈ ಕುದುರಿಲ್ಲ, ವಿಮಾನ ಹಿಡಿಯೋಕೆ ಬರ್ತಿಲ್ಲ” ಎನ್ನುವುದು. ಈ ಪ್ರಕರಣದಲ್ಲಿ ಒಟ್ಟು ತಪ್ಪಿದ್ದು 444 ಅಡಿ. ಅದರಲ್ಲಿ ಕೈಯ ಪಾಲು 170 ಅಡಿ. ಉಳಿದ 274 ಅಡಿ ಎತ್ತರ ತೋರಿಸುವ ಉಪಕರಣದಲ್ಲಿ ವಿದ್ಯಾರ್ಥಿನಿ ತಿರುವದೇ ಬಿಟ್ಟ ಒಂದು ಗುಂಡಿಯದು. ಆ 274 ಅಡಿಯನ್ನು ಯಾವ ಎಚ್ಚರಿಕೆಯೂ ಹಿಡಿಯಲಿಲ್ಲ. ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಅದನ್ನೇ.

ಹಾರಾಟದ ಯೋಜನೆ

ಮೇ ಮೊದಲ ವಾರ. ವಿಮಾನ ಸೆಸ್ನಾ 172ಎಸ್, ಗಾರ್ಮಿನ್ ಜಿ1000 ಪರದೆಯದು. ಪರದೆಗಳ ನಡುವೆ ಕೆಳಗೆ ಮೂರು ಸ್ಟ್ಯಾಂಡ್‌ಬೈ (ಆಪತ್ತಿಗೆಂದು ಇಟ್ಟ) ಮುಳ್ಳಿನ ಉಪಕರಣಗಳು, ಅವುಗಳಲ್ಲಿ ಒಂದು ಎತ್ತರ ತೋರಿಸುವ ಆಲ್ಟಿಮೀಟರ್. ವಿದ್ಯಾರ್ಥಿನಿ ಒಂಟಿಯಾಗಿ ಕ್ರಾಸ್ ಕಂಟ್ರಿ, ಅಂದರೆ ಊರಿಂದೂರಿಗೆ ದಾರಿ ಹಿಡಿದು ಹೋಗುವ, ಹಾರಾಟಕ್ಕೆ ಹೊರಟಿದ್ದಾಳೆ. ವಾಣಿಜ್ಯ ಪೈಲಟ್ ಪರವಾನಗಿಗೆ ಬೇಕಾದ 200 ಗಂಟೆಗಳಲ್ಲಿ ಇಂಥ ಹಾರಾಟದ ಗಂಟೆಗಳೂ ಸೇರಬೇಕು. ಅದಕ್ಕಾಗಿ ಶಾಲೆಗಳಲ್ಲಿ ಸ್ಲಾಟಿಗೆ ಸದಾ ಪೈಪೋಟಿ.

ದಾರಿ ತ್ರಿಕೋನ. ಕಲಬುರಗಿ ನಿಲ್ದಾಣವಿರುವ ಶ್ರೀನಿವಾಸ ಸರಡಗಿಯ ರನ್‌ವೇಯಿಂದ ಚಿಂಚೋಳಿಗೆ 071 ಡಿಗ್ರಿ, 27 ನಾಟಿಕಲ್ ಮೈಲಿ. ಚಿಂಚೋಳಿಯಿಂದ ಹುಮನಾಬಾದಿಗೆ 319 ಡಿಗ್ರಿ, 25 ಮೈಲಿ. ಅಲ್ಲಿಂದ ಕಮಲಾಪುರದ ಬದಿಯಿಂದ ಮರಳಿ 200 ಡಿಗ್ರಿ, 29 ಮೈಲಿ. ಎಲ್ಲ ಸೇರಿ ಗಂಟೆಯೊಳಗೆ ಮುಗಿಯುವ ಸುತ್ತು. ಹುಮನಾಬಾದಿನಿಂದ ಬೀದರ್ ವಾಯುನೆಲೆ 22 ಮೈಲಿ ಮಾತ್ರ. ಅಲ್ಲಿ ವಾಯುಪಡೆಯ ಹಾಕ್ ವಿಮಾನಗಳು ಹಾರುತ್ತವೆ, ಸೂರ್ಯಕಿರಣ ತಂಡದ ನೆಲೆಯೂ ಅದೇ. ಹಾಗಾಗಿ ಎಡಿಸಿ (ವಾಯುರಕ್ಷಣಾ ಅನುಮತಿ) ಮತ್ತು ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ಸಂಖ್ಯೆ ಪಡೆದು, ಹುಮನಾಬಾದಿನ ಆಚೆ ಮೂಗು ಚಾಚದೆ ತಿರುಗುವುದು ಯೋಜನೆ.

ಎತ್ತರದ ಆಯ್ಕೆ ನಿಯಮದಂತೆಯೇ ಇತ್ತು. 000ರಿಂದ 179 ಡಿಗ್ರಿಯ ದಿಕ್ಕಿಗೆ ಬೆಸ ಸಾವಿರಕ್ಕೆ 500 ಕೂಡಿಸಿ, 180ರಿಂದ 359ಕ್ಕೆ ಸಮ ಸಾವಿರಕ್ಕೆ 500 ಕೂಡಿಸಿ ಹಾರುವುದು ವಿಎಫ್‌ಆರ್, ಅಂದರೆ ಕಣ್ಣಿನಿಂದ ಹೊರಗೆ ನೋಡಿ ಹಾರುವವರ, ಪದ್ಧತಿ. ಅದರಂತೆ ಚಿಂಚೋಳಿಯವರೆಗೆ ಫ್ಲೈಟ್ ಲೆವೆಲ್ 55 (ಪ್ರಮಾಣಿತ ಒತ್ತಡದಿಂದ ಎಣಿಸಿದ 5,500 ಅಡಿ), ಆಮೇಲಿನ ಎರಡು ಹಂತಕ್ಕೂ ಫ್ಲೈಟ್ ಲೆವೆಲ್ 65.

ಹಾರಾಟ ಬೆಳಗ್ಗೆ ಆರೂವರೆಗೆ ಆಗಬೇಕಿತ್ತು. ವಿಮಾನದ 50 ಗಂಟೆಯ ತಪಾಸಣೆ ತಡವಾಗಿ ಮುಗಿದು ಸ್ಲಾಟ್ ಮಧ್ಯಾಹ್ನಕ್ಕೆ ಜಾರಿತು. ಚಕ್ರ ನೆಲ ಬಿಟ್ಟದ್ದು 2.25ಕ್ಕೆ. ಹೊರಗೆ 41 ಡಿಗ್ರಿ, ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಇಳಿಸಿ ಹೇಳುವ ಗಾಳಿಯ ಒತ್ತಡ) 1004. ಈ ಬಿಸಿಲಿಗೆ ಹೊಸಬರನ್ನು ಒಂಟಿಯಾಗಿ ಬಿಡುವುದು ನಮ್ಮ ದೃಷ್ಟಿಯಲ್ಲಿ ಸರಿಯಾದ ನಿರ್ಧಾರವಲ್ಲ. ಡೆನ್ಸಿಟಿ ಆಲ್ಟಿಟ್ಯೂಡ್ ಲೆಕ್ಕ ಹಾಕಿದರೆ ರನ್‌ವೇ ಮೇಲೆಯೇ 5,200 ಅಡಿ ದಾಟುತ್ತದೆ. 1,500 ಅಡಿಯ ನೆಲದಲ್ಲಿ ನಿಂತ ಎಂಜಿನ್ 5,200 ಅಡಿಯ ತೆಳು ಗಾಳಿ ಉಸಿರಾಡುತ್ತಿರುತ್ತದೆ. ನಿಯಮ ಇದನ್ನು ತಡೆಯುವುದಿಲ್ಲ, ರನ್‌ವೇ ಉದ್ದವೂ ಧಾರಾಳ. ಆದರೆ ನಿಯಮ ತಡೆಯದ್ದೆಲ್ಲ ಮಾಡಬೇಕಾದದ್ದೇನಲ್ಲ.

ನಡೆದದ್ದು

ಹೋಗುವ ಹಂತಗಳಲ್ಲಿ ಹೇಳುವಂಥದ್ದೇನಿಲ್ಲ. ಏರುವಾಗ 4,000 ಅಡಿ ದಾಟಿದ ಮೇಲೆ ಆಕೆ ಮುಖ್ಯ ಪರದೆಯ ಬ್ಯಾರೋ (ಒತ್ತಡದ ಸೆಟ್ಟಿಂಗಿನ) ಗುಂಡಿಯನ್ನು 1004ರಿಂದ 1013ಕ್ಕೆ ತಿರುವಿದಳು. ಸ್ಟ್ಯಾಂಡ್‌ಬೈ ಆಲ್ಟಿಮೀಟರನ್ನು ಮುಟ್ಟಲಿಲ್ಲ, ಅದು 1004ರಲ್ಲೇ ಉಳಿಯಿತು. ಇದನ್ನು ನೆನಪಿಡಿ.

3.05ಕ್ಕೆ, ನಿಲ್ದಾಣದಿಂದ ಉತ್ತರಕ್ಕೆ 20 ಮೈಲಿಯಲ್ಲಿ, ಇಳಿಯಲು ಅನುಮತಿ ಕೇಳಿದಳು. ಟವರಿನ ಉತ್ತರ: “ಡಿಸೆಂಡ್ ಟು ತ್ರೀ ಥೌಸಂಡ್ ಫೈವ್ ಹಂಡ್ರೆಡ್ ಫೀಟ್, ಕ್ಯೂಎನ್‌ಎಚ್ ಒನ್ ಝೀರೋ ಝೀರೋ ತ್ರೀ.” ಆಕೆ ಮರಳಿ ಹೇಳಿದ್ದು 3,500 ಮತ್ತು “ಒನ್ ಝೀರೋ ಒನ್ ತ್ರೀ”. ಆ ಕೊನೆಯ ನಾಲ್ಕು ಅಂಕಿಯ ಮೇಲೆಯೇ ಇನ್ನೊಂದು ವಿಮಾನ ಮಾತು ಶುರುಮಾಡಿ ರೇಡಿಯೊ ಕಿರ್ರೆಂದಿತು. ನಿಯಂತ್ರಕರಿಗೆ 3,500 ಕೇಳಿತು, ಒತ್ತಡ ಕೇಳಲಿಲ್ಲ. ಮತ್ತೆ ಕೇಳದೆ ಎರಡನೆಯ ವಿಮಾನಕ್ಕೆ ಉತ್ತರ ಕೊಟ್ಟರು.

ಆ ಎರಡನೆಯದು ಬೋಧಕರಿದ್ದ ಸೆಸ್ನಾ, ಉತ್ತರಕ್ಕೆ ಹೊರಟಿತ್ತು. ಅದಕ್ಕೆ ಸಿಕ್ಕ ಸೂಚನೆ: ಎದುರಿನಿಂದ 3,500 ಅಡಿಯಲ್ಲಿ ಬರುವ ವಿಮಾನ ದಾಟುವವರೆಗೆ 2,500 ಅಡಿಯಲ್ಲೇ ಇರಿ. ಕಾಗದದ ಮೇಲೆ ನಡುವೆ 1,000 ಅಡಿ.

ಮಿನಿಟಿಗೆ 500 ಅಡಿಯಂತೆ ಇಳಿದು 3.11ಕ್ಕೆ ಆಕೆಯ ಪರದೆ 3,500 ತೋರಿಸಿತು. ಕಮಲಾಪುರ ಹಿಂದೆ ಸರಿದಿತ್ತು, ಬೀದರಿಗೆ ಹೋಗುವ ರೈಲುಹಳಿ ಮಬ್ಬಿನಲ್ಲಿ ತಪ್ಪಿ, ಅದನ್ನು ಹುಡುಕುವುದರಲ್ಲಿ ಕಣ್ಣು ಹೊರಗಿತ್ತು. ಮೂಗಿನ ಭಂಗಿಯನ್ನು ತಾನೇ ಹಿಡಿದಿಡುವ ಟ್ರಿಮ್ ಇನ್ನೂ ಇಳಿತದ್ದೇ. ಕೆಳಸುಳಿ ಗಾಳಿಯೂ ಸೇರಿ ಪರದೆ 3,330ಕ್ಕೆ ಬಂತು. ಅದೇ ಹೊತ್ತಿಗೆ ಎದುರಿನ ವಿಮಾನವನ್ನು ಬಿಸಿಗಾಳಿ 2,590ಕ್ಕೆ ಎತ್ತಿತ್ತು. ಎರಡೂ ವಿಮಾನಗಳು ಕೂಡಿ 200 ನಾಟ್ ವೇಗದಲ್ಲಿ, ಅಂದರೆ ಮಿನಿಟಿಗೆ ಮೂರು ಮೈಲಿಗೂ ಹೆಚ್ಚು, ಒಂದರತ್ತ ಒಂದು ಬರುತ್ತಿದ್ದವು.

ಬೋಧಕರ ಟ್ರಾಫಿಕ್ ಪರದೆಯಲ್ಲಿ ಎದುರಿನ ವಿಮಾನದ ಪಕ್ಕ “+07” ಎಂದಿತ್ತು. 1,000 ಅಡಿ ಅಂತರವಿದ್ದರೆ “+10” ಇರಬೇಕಿತ್ತು. ಕೆಲ ಕ್ಷಣದಲ್ಲಿ ಅದು “+05” ಆಯಿತು. ಅವರು ಬಲಕ್ಕೆ ಹೊರಳಿ ಟವರಿಗೆ ತಿಳಿಸಿದರು. ಎರಡೂ ವಿಮಾನಗಳು ಪಕ್ಕಕ್ಕೆ ಅರ್ಧ ಮೈಲಿ, ಮೇಲೆ ಕೆಳಗೆ 470 ಅಡಿಗೂ ತುಸು ಕಡಿಮೆ ಅಂತರದಲ್ಲಿ ಹಾದುಹೋದವು. ನೆಲದಿಂದ ಬರೀ ಸಾವಿರ ಅಡಿ ಮೇಲಿದ್ದುದರಿಂದ ಅವರು ಇನ್ನೂ ಕೆಳಗಿಳಿಯದೆ ಹೊರಳಿದ್ದು ಸರಿಯಾದ ಕ್ರಮ. ಎದುರುಬದರಾದಾಗ ಇಬ್ಬರೂ ಬಲಕ್ಕೆ ತಿರುಗುವುದು ವಾಯು ನಿಯಮವೂ ಹೌದು.

274 ಅಡಿಯ ಲೆಕ್ಕ

ಆಲ್ಟಿಮೀಟರ್ ಎತ್ತರವನ್ನು ಅಳೆಯುವುದಿಲ್ಲ, ಗಾಳಿಯ ಒತ್ತಡವನ್ನು ಅಳೆಯುತ್ತದೆ. ಮುಳ್ಳಿನದರಲ್ಲಿ ಗಾಳಿ ತೆಗೆದು ಮುಚ್ಚಿದ ತೆಳು ಲೋಹದ ಡಬ್ಬಿ, ಜಿ1000ದಲ್ಲಿ ಒತ್ತಡದ ಸೆನ್ಸರ್. ಎಲ್ಲಿಂದ ಎಣಿಸಬೇಕು ಎಂಬುದನ್ನು ಪೈಲಟ್ ಗುಂಡಿ ತಿರುವಿ ಹೇಳಬೇಕು. ಟ್ರಾನ್ಸಿಷನ್ ಆಲ್ಟಿಟ್ಯೂಡಿನ ಕೆಳಗೆ ಆ ಊರಿನ ಕ್ಯೂಎನ್‌ಎಚ್, ಅಂದರೆ ನಿಲ್ದಾಣದ ಒತ್ತಡವನ್ನು ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ ಅಂಕಿ. ಮೇಲೆ ಎಲ್ಲರಿಗೂ 1013.25 ಹೆಕ್ಟೊಪಾಸ್ಕಲ್. ಅಲ್ಲಿ ಯಾರಿಗೂ ನೆಲದಿಂದ ನಿಜವಾದ ಎತ್ತರ ಗೊತ್ತಿರುವುದಿಲ್ಲ, ಗೊತ್ತಿರುವ ಅಗತ್ಯವೂ ಇಲ್ಲ. ಎಲ್ಲರ ತಪ್ಪೂ ಒಂದೇ ಆಗಿದ್ದರೆ ನಡುವಿನ ಅಂತರ ಉಳಿಯುತ್ತದೆ.

ಸೆಟ್ಟಿಂಗಿನಲ್ಲಿ ಒಂದು ಹೆಕ್ಟೊಪಾಸ್ಕಲ್ ಬದಲಾದರೆ ಎತ್ತರದ ಅಂಕಿ ಸುಮಾರು 27 ಅಡಿ ಬದಲಾಗುತ್ತದೆ. ಬಾಯಿಲೆಕ್ಕಕ್ಕೆ 30 ಎಂದು ಹಿಡಿಯುವವರೂ ಇದ್ದಾರೆ, ತಪ್ಪೇನಿಲ್ಲ. 1003 ಇರಬೇಕಾದಲ್ಲಿ 1013 ಇದ್ದರೆ 274 ಅಡಿ. ದಿಕ್ಕನ್ನು ತಲೆಕೆಳಗು ಮಾಡಿಕೊಳ್ಳುವವರು ಬಹಳ. ಸೆಟ್ಟಿಂಗ್ ಇರಬೇಕಾದ್ದಕ್ಕಿಂತ ಹೆಚ್ಚಿದ್ದರೆ ಉಪಕರಣ ಹೆಚ್ಚು ತೋರಿಸುತ್ತದೆ, ವಿಮಾನ ಕೆಳಗಿರುತ್ತದೆ. ಆಕೆಯ ಪರದೆ 3,500 ಎಂದಾಗ ವಿಮಾನ 3,226ರಲ್ಲಿತ್ತು. 3,330 ಎಂದಾಗ 3,056ರಲ್ಲಿ. ಪಾಸಂಗ ನೋಡದೆ ತೂಗಿದ ತಕ್ಕಡಿಯ ಹಾಗೆ, ಎಷ್ಟು ಕೈ ಬಿಗಿಹಿಡಿದು ಹಾರಿದರೂ ಈ ತಪ್ಪು ಕರಗುವುದಿಲ್ಲ.

ಹೀಗೇ ಬಂದು, ಇಳಿಯುವ ಮೊದಲು ನಿಲ್ದಾಣವನ್ನು ಸುತ್ತುವ ಸರ್ಕ್ಯೂಟಿಗೆ ಸೇರಿದ್ದರೆ? ಪರದೆಯ 2,500 ಅಡಿಯಲ್ಲಿ ನೆಲದಿಂದ 1,000 ಅಡಿ ಇರಬೇಕಾದ ವಿಮಾನ 726 ಅಡಿಯಲ್ಲಿ ಇರುತ್ತಿತ್ತು. ಹಗಲಿನಲ್ಲಿ ಕಣ್ಣು ಅದನ್ನು ಹಿಡಿಯುತ್ತದೆ. ಮೋಡದೊಳಗೆ ಉಪಕರಣ ನಂಬಿ ಇಳಿಯುವವರಿಗೆ ಆ ಅವಕಾಶ ಇರುವುದಿಲ್ಲ.

ಬಿಸಿಲಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಗಾಳಿ ಪ್ರಮಾಣಿತ ಉಷ್ಣತೆಗಿಂತ 10 ಡಿಗ್ರಿ ಬಿಸಿಯಾದರೆ, ನಿಲ್ದಾಣದ ಮೇಲಿನ ಎತ್ತರದಲ್ಲಿ ಸುಮಾರು ನೂರಕ್ಕೆ 4ರಷ್ಟು ವಿಮಾನ ನಿಜವಾಗಿ ಮೇಲಿರುತ್ತದೆ. ಕಲಬುರಗಿಯ ಮೇ ಮಧ್ಯಾಹ್ನ ಇದು 28–30 ಡಿಗ್ರಿಯ ವ್ಯತ್ಯಾಸ, ಅಂದರೆ 3,500 ಅಡಿ ತೋರಿಸುವ ವಿಮಾನ ನಿಜವಾಗಿ ಅದಕ್ಕಿಂತ 200 ಅಡಿಗೂ ಹೆಚ್ಚು ಮೇಲಿರಬಹುದು. “ಹಾಗಾದ್ರೆ ಎರಡೂ ಸೇರಿ ಸರಿಹೋಯ್ತಲ್ಲ” ಎಂದು ವಿದ್ಯಾರ್ಥಿಗಳು ಕೇಳುವುದುಂಟು. ನೆಲದಿಂದ ಎಷ್ಟು ಮೇಲೆ ಎಂಬ ಪ್ರಶ್ನೆಗಾದರೆ ಸ್ವಲ್ಪ ಹೌದು. ಎದುರಿನ ವಿಮಾನದಿಂದ ಎಷ್ಟು ದೂರ ಎಂಬ ಪ್ರಶ್ನೆಗೆ ಇಲ್ಲ. ಬಿಸಿಲು ಇಬ್ಬರನ್ನೂ ಎತ್ತುತ್ತದೆ, ಗುಂಡಿಯ ತಪ್ಪು ಒಬ್ಬರದೇ.

ಗುಂಡಿ ಏಕೆ ತಿರುಗಲಿಲ್ಲ

ಇಳಿದ ಮೇಲಿನ ಮಾತುಕತೆಯಲ್ಲಿ ಈ ಭಾಗವೇ ಮುಖ್ಯ.

“4,000 ದಾಟುವಾಗ ಬ್ಯಾರೋ ಗುಂಡಿ ತಿರುವಿದ್ಯೇನವಾ?”

“ಕೈ ಇಟ್ಟೆ ಸರ್. 1013 ಮೊದ್ಲೇ ಇತ್ತಲ್ರಿ, ಹಂಗಾಗಿ ತಿರುವಲಿಲ್ರಿ.”

“ಟವರ್ ಏನು ಕೊಟ್ಟಿತ್ತು?”

“1013 ಅಂತನೇ ಕೇಳಿಸ್ತ್ರಿ.”

ಆಕೆ ಸುಳ್ಳು ಹೇಳುತ್ತಿಲ್ಲ. ಪರದೆಯಲ್ಲಿ 1013 ಕಣ್ಣೆದುರಿಗೇ ಇದೆ, ಕಿವಿಗೆ ಬಿದ್ದದ್ದು ಒಂದೇ ಅಂಕಿ ಬೇರೆಯಾದ ಸಾಲು. ಕಣ್ಣು ಮೊದಲೇ ತೀರ್ಮಾನಿಸಿದ್ದನ್ನು ಕಿವಿ ಒಪ್ಪಿಕೊಂಡಿತು. ಚೆಕ್‌ಲಿಸ್ಟಿನಲ್ಲಿ “ಆಲ್ಟಿಮೀಟರ್: ಸೆಟ್” ಎಂಬ ಸಾಲಿಗೆ ಬಂದಾಗ ಕೈ ಗುಂಡಿಯ ಮೇಲೆ ಹೋಯಿತು, ಅಂಕಿ ತಾನು ಕೇಳಿದ್ದಕ್ಕೆ ತಾಳೆಯಾಯಿತು, ಸಾಲು ಮುಗಿಯಿತು. ಬಿಟ್ಟುಹೋದ ಹೆಜ್ಜೆ ಒಂದೂ ಇಲ್ಲ. ಮರೆವಿನಿಂದ ಗುಂಡಿ ಬಿಟ್ಟವರಿಗೆ ಚೆಕ್‌ಲಿಸ್ಟ್ ನೆನಪಿಸುತ್ತದೆ. ತಪ್ಪು ಅಂಕಿ ಕೇಳಿಸಿಕೊಂಡವರಿಗೆ ಅದೇ ಚೆಕ್‌ಲಿಸ್ಟ್ ತಪ್ಪಿನ ಮೇಲೆ ಮುದ್ರೆ ಒತ್ತುತ್ತದೆ.

ಹಿಡಿಯಬಹುದಾಗಿದ್ದ ಸುಳಿವು ಒಂದಿತ್ತು. ಮೇ ಮಧ್ಯಾಹ್ನ ಕಲಬುರಗಿಯಲ್ಲಿ 1013 ಎಂಬ ಕ್ಯೂಎನ್‌ಎಚ್ ಬಂದರೆ ಅದನ್ನು ಮೊದಲು ಅನುಮಾನಿಸಬೇಕು. ದಖ್ಖನ್ನಿನ ಒಳನಾಡು ಬೇಸಿಗೆಯಲ್ಲಿ ಕಾದು ಒತ್ತಡ ಕುಸಿಯುತ್ತದೆ, ಸಾವಿರದ ಮೇಲೆ ಒಂದಂಕಿಯ ಸಂಖ್ಯೆಗಳೇ ಆಗ ಸಹಜ. 1013, 1015ರಂಥವು ಚಳಿಗಾಲದವು. ಅದರ ಮೇಲೆ ದಿನದೊಳಗಿನ ಏರಿಳಿತ ಬೇರೆ. ಉಷ್ಣವಲಯದಲ್ಲಿ ಒತ್ತಡ ಬೆಳಗ್ಗೆ 10ರ ಸುಮಾರಿಗೆ ಏರಿ ಸಂಜೆ 4ರ ಸುಮಾರಿಗೆ ತಳ ಕಾಣುತ್ತದೆ. ಬೇಸಿಗೆಯಲ್ಲಿ ಈ ಇಳಿತ ನಾಲ್ಕೈದು ಹೆಕ್ಟೊಪಾಸ್ಕಲ್ ಆಗುವುದುಂಟು. ಅಂದರೆ ಬೆಳಗಿನ ಬ್ರೀಫಿಂಗಿನಲ್ಲಿ ಬರೆದುಕೊಂಡ ಅಂಕಿಯನ್ನೇ ಮಧ್ಯಾಹ್ನಕ್ಕೂ ನಂಬಿದರೆ ಯಾರೂ ತಪ್ಪು ಕೇಳಿಸಿಕೊಳ್ಳದೆಯೇ 100–135 ಅಡಿ ಹೋಯಿತು. ಹೊರಡುವಾಗ 1004 ಇತ್ತು, ಮಧ್ಯಾಹ್ನ ಮೂರರ ಹೊತ್ತಿಗೆ ಅದು ಇಳಿಯಬೇಕೇ ಹೊರತು 40 ಮಿನಿಟಿನಲ್ಲಿ 9 ಏರುವುದು ಸಾಧ್ಯವಿಲ್ಲದ ಮಾತು. ಸುತ್ತ ಗುಡುಗು ಮಳೆ ಇದ್ದರೆ ಒತ್ತಡ ಒಮ್ಮೆಲೇ ಕೆಲವು ಅಂಕಿ ಜಿಗಿಯಬಹುದು, ಆದರೆ ಆ ದಿನ ಆಕಾಶ ಬರಿದಾಗಿತ್ತು.

ಎಚ್ಚರಿಕೆಗಳು ಏಕೆ ಸುಮ್ಮನಿದ್ದವು

ಜಿ1000ದ ಎತ್ತರದ ಎಚ್ಚರಿಕೆ ಹೀಗೆ ಕೆಲಸಮಾಡುತ್ತದೆ: ಆಯ್ದ ಎತ್ತರಕ್ಕೆ 1,000 ಅಡಿ ಬಾಕಿ ಇದ್ದಾಗ ಅಂಕಿ ಮಿನುಗುತ್ತದೆ, 200 ಅಡಿಗೆ ಬಂದಾಗ ಮತ್ತೊಮ್ಮೆ. ತಲುಪಿದ ಮೇಲೆ 200 ಅಡಿಗಿಂತ ಹೆಚ್ಚು ಸರಿದರೆ ಹಳದಿಯಾಗಿ ಮಿನುಗಿ ದನಿ ಮಾಡುತ್ತದೆ. ಆಕೆ 3,500 ಆಯ್ದಿದ್ದಳು. ಪರದೆ ಇಳಿದದ್ದು 3,330ಕ್ಕೆ, ಅಂದರೆ 170 ಅಡಿ. ದನಿ ಬರಲಿಲ್ಲ. ನಿಜದಲ್ಲಿ 444 ಅಡಿ ತಪ್ಪಿದ್ದರೂ ಉಪಕರಣದ ಲೆಕ್ಕದಲ್ಲಿ ಎಲ್ಲವೂ ಮಿತಿಯೊಳಗೇ ಇತ್ತು. ಏಕೆಂದರೆ ಅದು ಅಳೆಯುತ್ತಿದ್ದುದು ಅದೇ ತಪ್ಪು 1013ರಿಂದ.

ವಿಮಾನದ ಎತ್ತರವನ್ನು ತಾನಾಗಿ ರಡಾರಿಗೆ ಕಳಿಸುವ ಟ್ರಾನ್ಸ್‌ಪಾಂಡರಿನ ಮೋಡ್ ಸಿ ವಿಷಯ ಬೇರೆ, ಮತ್ತು ಅದರಲ್ಲಿ ಬಹಳ ಜನ ಎಡವುತ್ತಾರೆ. ಅದು ಪೈಲಟ್ ಹಾಕಿದ ಸೆಟ್ಟಿಂಗನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸದಾ 1013.25ರಿಂದ ಎಣಿಸಿ ನೂರಡಿ ಲೆಕ್ಕದಲ್ಲಿ ಕಳಿಸುತ್ತದೆ. ಆಕೆಯ ಪರದೆ 3,500 ತೋರಿಸುವಾಗ ಅದು ಕಳಿಸಿದ್ದು “035”. ನೆಲದ ರಡಾರ್ ಪರದೆ ಕ್ಯೂಎನ್‌ಎಚ್ ಕೂಡಿಸಿ ತೋರಿಸುವಂಥದ್ದಾದರೆ ಅಲ್ಲಿ 032 ಕಂಡು ತಪ್ಪು ಬಯಲಾಗುತ್ತದೆ. ಕೂಡಿಸದೆ ಹಾಗೇ ತೋರಿಸುವಂಥದ್ದಾದರೆ 035 ಕಂಡು “ಸರಿಯಾಗಿದ್ದಾಳೆ” ಅನ್ನಿಸುತ್ತದೆ! ಸರಿಯಾಗಿ 3,500ರಲ್ಲಿ ಇರುವ ವಿಮಾನ ಆ ದಿನ 038 ಕಳಿಸಬೇಕಿತ್ತು. ನಮ್ಮ ಪ್ರಕರಣದ ಟವರಿಗೆ ರಡಾರ್ ಪರದೆಯೇ ಇಲ್ಲ ಎಂದು ಹಿಡಿದಿದ್ದೇವೆ, ಅಲ್ಲಿ ಪೈಲಟ್ ಹೇಳಿದ ಎತ್ತರವೇ ಎತ್ತರ.

ಹಾಗಾದರೆ ಬೋಧಕರ ಟ್ರಾಫಿಕ್ ಪರದೆಗೆ ಹೇಗೆ ತಿಳಿಯಿತು? ಅದು ಎರಡೂ ವಿಮಾನಗಳ 1013.25ರ ಎತ್ತರಗಳನ್ನು ಕಳೆದು ವ್ಯತ್ಯಾಸ ತೋರಿಸುತ್ತದೆ. ಬೋಧಕರ ವಿಮಾನ 1003ರ ಮೇಲೆ 2,500ರಲ್ಲಿತ್ತು, ಒತ್ತಡದ ಎತ್ತರ 2,774. ಆಕೆಯದು 3,500. ಕಳೆದರೆ 726, ಅದೇ “+07”. ಆಮೇಲೆ 2,864 ಮತ್ತು 3,330, ಕಳೆದರೆ 466, ಅದೇ “+05”. ಯಾರ ಗುಂಡಿ ಎಲ್ಲಿದ್ದರೂ ಈ ಕಳೆಯುವ ಲೆಕ್ಕ ಕೆಡುವುದಿಲ್ಲ.

ಆಕೆಯ ಕಾಕ್‌ಪಿಟ್ಟಿನಲ್ಲೇ ಇನ್ನೊಂದು ಸಾಕ್ಷಿ ಇತ್ತು. ಸ್ಟ್ಯಾಂಡ್‌ಬೈ ಆಲ್ಟಿಮೀಟರ್ 1004ರಲ್ಲೇ ಉಳಿದಿತ್ತಲ್ಲ, ಪರದೆ 3,500 ಎಂದಾಗ ಅದು 3,250ರ ಆಸುಪಾಸು ತೋರಿಸುತ್ತಿತ್ತು. ಒಂದೇ ಹೆಕ್ಟೊಪಾಸ್ಕಲ್ ಹಳತಾದರೂ ಅದು ಹೇಳಿದ್ದೇ ನಿಜಕ್ಕೆ ಹತ್ತಿರ. ಏರುವಾಗ ಅದನ್ನು ಬದಲಿಸದೆ ಬಿಟ್ಟದ್ದು ಕ್ರಮದ ಪ್ರಕಾರ ಲೋಪವೇ ಇರಬಹುದು, ಶಾಲೆಯಿಂದ ಶಾಲೆಗೆ ಪದ್ಧತಿ ಬೇರೆ. ಆದರೆ ಆ ಲೋಪದಿಂದ ಹುಟ್ಟಿದ 246 ಅಡಿಯ ವ್ಯತ್ಯಾಸವನ್ನು ಒಮ್ಮೆ ನೋಡಿದ್ದರೂ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕಣ್ಣು ಕೆಳಗೆ ಹೋಗಲಿಲ್ಲ. ಗಾಜಿನ ಪರದೆಯಲ್ಲಿ ಕಲಿತವರು ಕೆಳಗಿನ ಮುಳ್ಳುಗಳನ್ನು ವಿದ್ಯುತ್ ಹೋದ ದಿನಕ್ಕೆಂದು ಮೀಸಲಿಟ್ಟಿರುತ್ತಾರೆ.

ಉಳಿದ 170 ಅಡಿ

ಇದು ಕೈಯ ಪಾಲು. ತೊಗರಿ ಕಿತ್ತು ಬರಿದಾದ ಎರೆಹೊಲ ಮೇ ಮಧ್ಯಾಹ್ನ ಕಾದ ಹಂಚು. ಹೊಲದ ಮೇಲೆ ಗಾಳಿ ಏರುತ್ತದೆ, ಹಳ್ಳ, ಕೆರೆ, ತೋಟದ ಮೇಲೆ ಇಳಿಯುತ್ತದೆ. ಸೆಕೆಂಡಿಗೆ ಒಂದು ಮೀಟರ್ ಇಳಿಯುವ ಗಾಳಿ ಅಂದರೆ ಮಿನಿಟಿಗೆ ಸುಮಾರು 200 ಅಡಿ, ಮತ್ತು ಅದು ದೊಡ್ಡದೇನಲ್ಲ.

ಇಳಿತ ನಿಲ್ಲಿಸುವಾಗ ಮಿನಿಟಿಗೆ ಇಳಿಯುವ ಅಡಿಯ ಹತ್ತನೇ ಒಂದರಷ್ಟು ಮೊದಲೇ ಶುರುಮಾಡಬೇಕು. 500 ಅಡಿಯ ಇಳಿತಕ್ಕೆ 50 ಅಡಿ ಮೊದಲು. ಮೊದಲು ಮೂಗು, ಆಮೇಲೆ ಥ್ರಾಟಲ್, ವೇಗ ನಿಂತ ಮೇಲೆ ಟ್ರಿಮ್. ಆಕೆ ಮೂಗು ಎತ್ತಿದಳು, ಥ್ರಾಟಲ್ ಕೊಟ್ಟಳು, ಟ್ರಿಮ್ ಮಾಡುವ ಮೊದಲೇ ರೈಲುಹಳಿ ಹುಡುಕತೊಡಗಿದಳು. ಟ್ರಿಮ್ ಆಗದ ವಿಮಾನದಲ್ಲಿ ಕಣ್ಣು ಹೊರಗಿಟ್ಟಷ್ಟು ಹೊತ್ತೂ ಮೂಗು ಹಳೆಯ ಜಾಗಕ್ಕೆ ಎಳೆಯುತ್ತಿರುತ್ತದೆ.

ಬಿಸಿಗಾಳಿಯಲ್ಲಿ ಎತ್ತರದ ಅಂಕಿಯ ಬೆನ್ನು ಹತ್ತಬಾರದು. ಮೂಗಿನ ಭಂಗಿ ಹಿಡಿದು 100 ಅಡಿ ಅತ್ತಿತ್ತ ಬಿಟ್ಟರೆ ಗಾಳಿಯೇ ಮರಳಿ ತರುತ್ತದೆ. ಕುಲುಕಾಟ ಜೋರಾದರೆ ವೇಗವನ್ನು ಮನುವರಿಂಗ್ ಮಿತಿಯೊಳಗೆ, ಅಂದರೆ ಕುಲುಕಾಟದಿಂದ ವಿಮಾನಕ್ಕೆ ಪೆಟ್ಟಾಗದ ವೇಗಕ್ಕೆ, ತರಬೇಕು. 172ಎಸ್‌ಗೆ ತುಂಬಿದ ತೂಕ 2,550 ಪೌಂಡಿನಲ್ಲಿ ಅದು 105 ನಾಟ್, ತೂಕ ಇಳಿದಂತೆ ಮಿತಿಯೂ ಇಳಿಯುತ್ತದೆ, 1,900 ಪೌಂಡಿಗೆ 90. ಒಂಟಿ ಹಾರಾಟಕ್ಕೆ 95ರ ಸುಮಾರು ಸಾಕು. 200 ಅಡಿಯೊಳಗೆ ಹಿಡಿಯಲಾಗದಿದ್ದರೆ ಟವರಿಗೆ ಹೇಳಿ ಬೇರೆ ಎತ್ತರ ಕೇಳುವುದು ಸೋಲಲ್ಲ, ಪೈಲಟ್ ಮಾಡಬೇಕಾದ ಕೆಲಸ.

ಟವರಿನ ಪಾಲು

ಎತ್ತರ, ಆಲ್ಟಿಮೀಟರ್ ಸೆಟ್ಟಿಂಗ್, ಟ್ರಾನ್ಸ್‌ಪಾಂಡರ್ ಕೋಡ್, ದಿಕ್ಕು, ವೇಗ ಇವನ್ನು ಪೈಲಟ್ ಮರಳಿ ಹೇಳಲೇಬೇಕು, ನಿಯಂತ್ರಕರು ಅದನ್ನು ಕೇಳಿ ತಪ್ಪಿದ್ದರೆ ತಿದ್ದಲೇಬೇಕು. ಇಲ್ಲಿ ಅರ್ಧ ಕೇಳಿಸಿತು, ಅರ್ಧ ಕಿರ್ರೆಂದಿತು. ಅರ್ಧ ಕೇಳಿದ ರೀಡ್‌ಬ್ಯಾಕ್ ಕೇಳದ ರೀಡ್‌ಬ್ಯಾಕಿಗೆ ಸಮ. “ಕನ್ಫರ್ಮ್ ಕ್ಯೂಎನ್‌ಎಚ್” ಎಂಬ ಎರಡು ಪದಕ್ಕೆ ಮೂರು ಸೆಕೆಂಡು ಸಾಕಿತ್ತು. ಪೈಲಟ್ಟಿಗೂ ತನ್ನ ಮಾತು ತುಳಿಯಲ್ಪಟ್ಟದ್ದು ಗೊತ್ತಾಗುವುದಿಲ್ಲ, ಏಕೆಂದರೆ ಗುಂಡಿ ಒತ್ತಿ ಮಾತಾಡುವವರಿಗೆ ಕಿರುಚಾಟ ಕೇಳಿಸದು. ಟವರಿನ ಗಮನವನ್ನು ಪೂರ್ತಿ ದೂರುವಂತೆಯೂ ಇಲ್ಲ. ಎರಡು ವಿಮಾನಗಳನ್ನು 1,000 ಅಡಿ ಅಂತರದಲ್ಲಿಟ್ಟ ಅವರ ಯೋಜನೆ ಸರಿಯಾಗಿಯೇ ಇತ್ತು.

ಗೊತ್ತಾದ ಕ್ಷಣ ಏನು ಮಾಡಬೇಕು

ಬೋಧಕರ ಕರೆ ಕೇಳಿದ ಟವರ್ ವಿದ್ಯಾರ್ಥಿನಿಗೆ ಹೇಳಿದ್ದು: “ಚೆಕ್ ಆಲ್ಟಿಮೀಟರ್ ಸೆಟ್ಟಿಂಗ್ ಅಂಡ್ ಕನ್ಫರ್ಮ್ ಲೆವೆಲ್, ಕ್ಯೂಎನ್‌ಎಚ್ ಒನ್ ಝೀರೋ ಝೀರೋ ತ್ರೀ.” ಆಕೆ ಗುಂಡಿ ತಿರುವಿದಳು, 3,350ರ ಹತ್ತಿರ ಇದ್ದ ಅಂಕಿ ಕಣ್ಣೆದುರೇ 3,080ಕ್ಕೆ ಕುಸಿಯಿತು. ಗಾಬರಿಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಮೂಗು ಎಳೆದಳು, ವೇಗ 105ರಿಂದ 75 ನಾಟಿಗೆ ಬಿತ್ತು.

ಈ ಸಲ ಎದುರಿನ ವಿಮಾನ ಕೆಳಗಿತ್ತು, ಏರಿದ್ದು ಒಳ್ಳೆಯದೇ ಆಯಿತು. ಮೇಲಿದ್ದಿದ್ದರೆ ಅದೇ ಏರಿಕೆ ಅದರ ಹೊಟ್ಟೆಗೆ ಹೋಗುತ್ತಿತ್ತು. ಕ್ರಮ ಹೀಗಿರಬೇಕು: ಮೊದಲು ಇದ್ದಲ್ಲೇ ಸಮತಲ ಹಿಡಿದು ಹೊರಗೆ ನೋಡುವುದು, ಸೆಟ್ಟಿಂಗ್ ಸರಿಮಾಡುವುದು, ನಿಜವಾಗಿ ಎಲ್ಲಿದ್ದೇನೆ ಎಂದು ಟವರಿಗೆ ಅಂಕಿ ಸಮೇತ ಹೇಳುವುದು, ಅವರು ಹೇಳಿದ ಮೇಲೆ ಏರುವುದು ಅಥವಾ ಇಳಿಯುವುದು. ಎದುರಿನ ವಿಮಾನ ಕಣ್ಣಿಗೆ ಬಿದ್ದು ಹತ್ತಿರವಿದ್ದರೆ ಮಾತ್ರ ಮೊದಲು ತಪ್ಪಿಸಿಕೊಂಡು ಆಮೇಲೆ ಮಾತು. ನಿಗದಿತ ಎತ್ತರಕ್ಕೆ ಸದ್ದಿಲ್ಲದೆ ಮರಳಿ, ಏನೂ ಆಗಿಲ್ಲವೆಂಬಂತೆ ಮುಂದುವರಿಯುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ನಡುವೆ ನಿಯಂತ್ರಕರು ಹಳೆಯ ಅಂಕಿ ನಂಬಿ ಇನ್ನೊಂದು ವಿಮಾನವನ್ನು ಅಲ್ಲಿಗೆ ಕಳಿಸಿರಬಹುದು.

ನೆಲದ ಮೇಲಿನ ತಪಾಸಣೆ

ಇಳಿದ ಮೇಲೆ ಬೋಧಕರು ಆಕೆಗೆ ಯಾವ ಗುಂಡಿಯನ್ನೂ ಮುಟ್ಟಬೇಡ ಎಂದರು. ಇದು ಒಳ್ಳೆಯ ಅಭ್ಯಾಸ. ಸೆಟ್ಟಿಂಗ್ ಮೊದಲೇ ಸರಿಯಾಗಿತ್ತು ಎಂಬ ವಾದ ಎದ್ದರೆ ತೀರ್ಮಾನಿಸುವುದು ಅದೇ. ವಿಮಾನ ನಿಲ್ಲಿಸುವ ಏಪ್ರನ್ನಿನಲ್ಲಿ ಮುಖ್ಯ ಪರದೆ 1003ರಲ್ಲಿ 1,510 ಅಡಿ ತೋರಿಸಿತು. 1013ಕ್ಕೆ ತಿರುವಿದಾಗ 1,784. ಸ್ಟ್ಯಾಂಡ್‌ಬೈಯನ್ನೂ 1003ಕ್ಕೆ ತಂದಾಗ ಎರಡರ ನಡುವೆ 20 ಅಡಿ ವ್ಯತ್ಯಾಸವೂ ಇರಲಿಲ್ಲ. ನೆಲದ ಎತ್ತರಕ್ಕಿಂತ 60 ಅಡಿಯೊಳಗಿದ್ದರೆ ಉಪಕರಣ ಸರಿ.

ಹೀಗೆ ಹೊರಗಿನ ಒತ್ತಡವನ್ನು ಉಪಕರಣಗಳಿಗೆ ಮುಟ್ಟಿಸುವ ಸ್ಟ್ಯಾಟಿಕ್ ವ್ಯವಸ್ಥೆಯ ದೋಷ ತಳ್ಳಿಹೋಯಿತು. ಎಡಬದಿಯ ಸ್ಟ್ಯಾಟಿಕ್ ರಂಧ್ರ ಮಣ್ಣು, ಹುಳ, ಮೇಣದಿಂದ ಮುಚ್ಚಿದ್ದರೆ ಎತ್ತರದ ಅಂಕಿ ಒಂದೇ ಕಡೆ ನಿಲ್ಲುತ್ತದೆ, ಏರಿಳಿತದ ಉಪಕರಣ ಸೊನ್ನೆಯಲ್ಲಿ ಹೆಪ್ಪುಗಟ್ಟುತ್ತದೆ. ಅಂಥದ್ದು ಆಗಿರಲಿಲ್ಲ. ಬದಲಿ ರಂಧ್ರ ತೆರೆಯುವ ಆಲ್ಟರ್ನೇಟ್ ಸ್ಟ್ಯಾಟಿಕ್ ಗುಂಡಿಯೂ ಎಳೆಯದೆ ಒಳಗೇ ಇತ್ತು.

ರಡಾರ್ ನೋಡುವ ನಿಯಂತ್ರಕರಿಗೆ ಸಾಮಾನ್ಯ ವಾಯುಪ್ರದೇಶದಲ್ಲಿ ಮಿತಿ 300 ಅಡಿ. ಅದರೊಳಗಿದ್ದರೆ ವಿಮಾನ ನಿಗದಿತ ಎತ್ತರ ಹಿಡಿದಿದೆ ಎಂದೇ ಲೆಕ್ಕ. 274 ಅಡಿಯ ಸೆಟ್ಟಿಂಗ್ ತಪ್ಪು ಒಂದೇ ಇದ್ದಿದ್ದರೆ ಇದು ಯಾರ ಕಡತಕ್ಕೂ ಬರುತ್ತಿರಲಿಲ್ಲ. 170 ಅಡಿಯ ಕೈತಪ್ಪು ಒಂದೇ ಇದ್ದಿದ್ದರೂ ಅಷ್ಟೇ. ಎರಡು ಕೂಡಿ 444 ಆಗಿ ಮಿತಿ ದಾಟಿದ್ದರಿಂದ ಇದು ಎತ್ತರ ಉಲ್ಲಂಘನೆಯಾಗಿ ವರದಿಯಾಯಿತು, ಬೋಧಕರ ವಿಮಾನದಿಂದ ಏರ್‌ಪ್ರಾಕ್ಸ್ (ವಿಮಾನಗಳು ಅಪಾಯದಷ್ಟು ಹತ್ತಿರ ಬಂದ) ವರದಿಯೂ ಹೋಯಿತು. ಮಿತಿಯೊಳಗೆ ಉಳಿದ ತಪ್ಪುಗಳನ್ನೂ ಶಾಲೆಯ ಸುರಕ್ಷತಾ ವಿಭಾಗಕ್ಕೆ ಬರೆದುಕೊಡಬೇಕು ಎನ್ನುವುದು ಇದಕ್ಕೇ. ಬರೆದವರನ್ನು ಹಾರಾಟದಿಂದ ಕೂರಿಸಿದರೆ ಮುಂದಿನ ಸಲ ಯಾರೂ ಬರೆಯುವುದಿಲ್ಲ.

ಎತ್ತರ ತಪ್ಪುವುದರ ಬೆಲೆ ಭಾರತದಲ್ಲಿ ತಿಳಿಯದ್ದಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ 15,000 ಅಡಿಯಲ್ಲಿ ಇರಬೇಕಿದ್ದ ಕಝಾಕಿಸ್ತಾನದ ಇಲ್ಯುಶಿನ್ 76 ವಿಮಾನ 14,000 ಅಡಿಯತ್ತ ಇಳಿದು ಸೌದಿಯ ಬೋಯಿಂಗ್ 747ಕ್ಕೆ ಬಡಿಯಿತು. ಸತ್ತವರು 349. ಅಲ್ಲಿನ ಕಾರಣ ಬೇರೆ, ವಿಮಾನ ಬೇರೆ. ನಡುವೆ ಇರಬೇಕಿದ್ದದ್ದು ಮಾತ್ರ ಇಲ್ಲಿನಂತೆಯೇ 1,000 ಅಡಿ.

ಬದಲಾದ ಕ್ರಮ

ಆಕೆಯ ಮುಂದಿನ ಒಂಟಿ ಹಾರಾಟಕ್ಕೆ ಮೊದಲು ಬೋಧಕರ ಜತೆ ಒಂದು ಹಾರಾಟ, ಅದೂ ಬೆಳಗಿನ ಸ್ಲಾಟಿನಲ್ಲಿ. ಅದರಲ್ಲಿ ಬೋಧಕರು ಬೇಕೆಂದೇ ತಪ್ಪು ಕ್ಯೂಎನ್‌ಎಚ್ ಹೇಳುತ್ತಾರೆ, ಒಮ್ಮೆ 10 ಹೆಚ್ಚು, ಒಮ್ಮೆ 10 ಕಡಿಮೆ. ಹಿಡಿದರೆ ಮುಂದಕ್ಕೆ, ಹಿಡಿಯದಿದ್ದರೆ ಇನ್ನೊಂದು ಸುತ್ತು.

ಶಾಲೆಯ ಚೆಕ್‌ಲಿಸ್ಟಿನಲ್ಲಿ “ಆಲ್ಟಿಮೀಟರ್: ಸೆಟ್” ಎಂಬ ಸಾಲು ಹೋಗಿ “ಆಲ್ಟಿಮೀಟರ್ ಎರಡೂ: ಅಂಕಿ ಹೇಳಿ, ಹೋಲಿಸಿ” ಎಂದಾಯಿತು. ಇಳಿಯುವಾಗ ಎರಡನ್ನೂ ಹೊಸ ಕ್ಯೂಎನ್‌ಎಚ್‌ಗೆ ತಂದು, ಅಂಕಿಗಳನ್ನು ಬಾಯಿಬಿಟ್ಟು ಓದಬೇಕು. 60 ಅಡಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಟವರಿನಿಂದ ಮತ್ತೆ ಕೇಳಬೇಕು. ಸ್ಟ್ಯಾಂಡ್‌ಬೈಯನ್ನು ಏರುವಾಗ 1013ಕ್ಕೆ ತರದೆ ಹೊರಟ ಊರಿನ ಕ್ಯೂಎನ್‌ಎಚ್‌ನಲ್ಲೇ ಬಿಡುವುದನ್ನು ಈಗ ಪದ್ಧತಿಯಾಗಿಯೇ ಬರೆಯಲಾಗಿದೆ. ಹಾಗೆ ಬಿಟ್ಟರೆ ಇಳಿಯುವಾಗ ಎರಡನೆಯ ಗುಂಡಿ ಒಂದೆರಡು ಅಂಕಿ ಮಾತ್ರ ತಿರುಗಬೇಕು. ಅದು ಒಂಬತ್ತು ಹತ್ತು ಅಂಕಿ ತಿರುಗಬೇಕಾಗಿ ಬಂದರೆ ಕೇಳಿಸಿಕೊಂಡದ್ದರಲ್ಲೇ ಏನೋ ತಪ್ಪಿದೆ. ಇದಕ್ಕೆ ಎಲ್ಲ ಬೋಧಕರೂ ಒಪ್ಪಿಲ್ಲ. ಎರಡು ಆಲ್ಟಿಮೀಟರ್ ಎರಡು ಅಂಕಿ ತೋರಿಸುತ್ತಿದ್ದರೆ ಹೊಸಬರು ಗೊಂದಲಕ್ಕೆ ಬೀಳುತ್ತಾರೆ ಎಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿದೆ, ಆದರೂ ಆ ದಿನ ಕಾಕ್‌ಪಿಟ್ಟಿನಲ್ಲಿ ನಿಜಕ್ಕೆ ಹತ್ತಿರವಿದ್ದ ಏಕೈಕ ಅಂಕಿ ಆ ಕೆಳಗಿನ ಮುಳ್ಳಿನದು.

ಕ್ಯೂಎನ್‌ಎಚ್ ಕೇಳಿದಕೂಡಲೇ ಮೊದಲು ಮಂಡಿಯ ಹಲಗೆಯ ಮೇಲೆ ಬರೆದು, ಬರೆದದ್ದನ್ನು ಓದಿಯೇ ಮರಳಿ ಹೇಳಬೇಕು, ಪರದೆ ನೋಡಿ ಹೇಳಬಾರದು. ಅದೇ ಹಲಗೆಯ ಮೇಲಿನ ಮೂಲೆಯಲ್ಲಿ ಹೊರಡುವ ಹೊತ್ತಿನ ಕ್ಯೂಎನ್‌ಎಚ್ ಇರಬೇಕು. ಹೊಸ ಅಂಕಿ ಅದಕ್ಕಿಂತ 3ಕ್ಕೂ ಹೆಚ್ಚು ಬೇರೆಯಾದರೆ “ಸೇ ಅಗೈನ್ ಕ್ಯೂಎನ್‌ಎಚ್”. ಮಾರ್ಚ್‌ನಿಂದ ಜೂನ್‌ವರೆಗೆ ಮಧ್ಯಾಹ್ನ 12ರಿಂದ 4.30ರ ನಡುವೆ ಒಂಟಿ ಕ್ರಾಸ್ ಕಂಟ್ರಿ ಇಲ್ಲ. ತಪಾಸಣೆ ತಡವಾದರೆ ಸ್ಲಾಟ್ ಮರುದಿನ ಬೆಳಗ್ಗೆಗೆ ಹೋಗುತ್ತದೆ.